ಬಾತುಕೋಳಿ ಆಹಾರದಲ್ಲಿ ‘ಶಕ್ತಿ’ಗೆ ಬೇರೆ ಪದ ಇದೆಯೇ?

ಬಳಗದ ಎಲ್ಲರಿಗೂ ಧಾರವಾಡದಿಂದ ನಮಸ್ಕಾರ.

ಹಾನಗಲ್ ಹತ್ತಿರದ ನಮ್ಮ ಸೋದರಮಾವ ಮಾಂಸಕ್ಕೆಂದು ಬಿಳಿ ಪೆಕಿನ್ ಬಾತುಕೋಳಿ ಸಾಕುತ್ತಿದ್ದಾರೆ. ಅವುಗಳ ಆಹಾರದ ಬಗ್ಗೆ ನಾನು ಎರಡು ಪುಟ ಕನ್ನಡದಲ್ಲಿ ಬರೆದುಕೊಟ್ಟಿದ್ದೆ. ಅದರಲ್ಲಿ ‘ಪ್ರೋಟೀನ್ ಮತ್ತು ಶಕ್ತಿಯ ಸಮತೋಲನ ಇರಬೇಕು’ ಅಂತ ಒಂದು ಸಾಲು. ಹೋದ ವಾರ ಹೋಗಿ ನೋಡಿದರೆ ಮಾವ ಹತ್ತು ಕಿಲೋ ಗೋವಿನಜೋಳದ ನುಚ್ಚಿಗೆ ಹತ್ತು ಕಿಲೋ ಸೋಯಾ ಹಿಂಡಿ ತೂಗಿ ಕಲಸುತ್ತಿದ್ದರು. “ನೀನ ಬರದೀಯಲ್ಲೋ, ಸಮತೋಲ ಅಂತ. ಎರಡೂ ಸಮ ಹಾಕೀನಿ” ಅಂದರು.

ಪದ ಹೇಳಿದ್ದನ್ನೇ ಅವರು ಮಾಡಿದ್ದರು. ಗೋವಿನಜೋಳದಲ್ಲಿ ಪ್ರೋಟೀನ್ ಸುಮಾರು ಶೇ 9, ಸೋಯಾ ಹಿಂಡಿಯಲ್ಲಿ ಸುಮಾರು ಶೇ 45. ಸಮ ಬೆರೆಸಿದರೆ ಶೇ 27 ಆಯಿತು. ಪೆಕಿನ್ ಮರಿಗೆ ಮೊದಲ ಎರಡು ವಾರ ಶೇ 22 ಬೇಕು, ಆಮೇಲೆ ಏಳನೇ ವಾರದವರೆಗೆ ಶೇ 16 ಸಾಕು. ಮಾವನ ಮರಿಗಳಿಗೆ ಆಗ ನಾಲ್ಕನೇ ವಾರ. ನಾಲ್ಕು ಪಾಲು ಜೋಳಕ್ಕೆ ಒಂದು ಪಾಲು ಹಿಂಡಿ ಹಾಕಿದ್ದರೆ ಲೆಕ್ಕ ಕೂಡುತ್ತಿತ್ತು. ಹೆಚ್ಚಾದ ಪ್ರೋಟೀನ್ ಮೈಗೆ ಹತ್ತುವುದಿಲ್ಲ, ಹಿಕ್ಕೆಯಲ್ಲಿ ಹೋಗುತ್ತದೆ. ಕೊಟ್ಟಿಗೆಯ ನೆಲದ ಹೊಟ್ಟು ಆಗಲೇ ಒದ್ದೆಯಾಗಿ ಕಣ್ಣುರಿಯುವಷ್ಟು ಘಾಟು ಬರುತ್ತಿತ್ತು. ಹಿಂಡಿಯ ರೇಟು ಜೋಳಕ್ಕಿಂತ ಜಾಸ್ತಿ, ಆ ದುಡ್ಡೂ ಸುಮ್ನೆ ಹೋಯಿತು.

‘ಸಮತೋಲನ’ ತೆಗೆದು ‘ಹದ’ ಅಂತ ಬರೆದೆ. ರೊಟ್ಟಿ ಹಿಟ್ಟಿಗೆ ನೀರಿನ ಹದ ಅಂದರೆ ಯಾರೂ ಹಿಟ್ಟಿನಷ್ಟೇ ನೀರು ಸುರಿಯುವುದಿಲ್ಲ ಅಲ್ವಾ?

ಸಿಕ್ಕಿಬಿದ್ದಿರುವುದು ‘ಶಕ್ತಿ’ಯಲ್ಲಿ. ಆಹಾರದ ಲೆಕ್ಕದಲ್ಲಿ ಶಕ್ತಿ ಅಂದರೆ ಕ್ಯಾಲೊರಿ. ಈ ಹಕ್ಕಿಗೆ ಕಿಲೋ ಆಹಾರಕ್ಕೆ 2,900ರಿಂದ 3,000 ಕಿಲೋ ಕ್ಯಾಲೊರಿ ಇಡುತ್ತಾರೆ. ಅದರ ಬಹುಪಾಲು ಜೋಳದಿಂದಲೇ ಬರಬೇಕು. ಮಾವನಿಗೆ ಶಕ್ತಿ ಅಂದ ಕೂಡಲೇ ನೆನಪಾಗುವುದು ಹಿಂಡಿ! ಎತ್ತಿಗೂ ಎಮ್ಮೆಗೂ “ಹಿಂಡ್ಯಾಗ ಕಸುವು ಐತಿ” ಅಂತ ಕೊಟ್ಟು ಬೆಳೆದವರು. ಹೀಗಾಗಿ ‘ಕಸುವು’ ಅಂತ ಬರೆದರೂ ಅದೇ ಗೊಂದಲ. ‘ಚೈತನ್ಯ’ ನನಗೆ ಭಜನೆಯ ಪದದಂತೆ ಕೇಳಿಸುತ್ತದೆ.

ಬಾತುಕೋಳಿ ಬಹುಮಟ್ಟಿಗೆ ಕ್ಯಾಲೊರಿ ನೋಡಿಕೊಂಡು ತಿನ್ನುತ್ತದೆ. ಅದು ಕಡಿಮೆ ಇದ್ದರೆ ಜಾಸ್ತಿ ತಿನ್ನುತ್ತದೆ, ಹೆಚ್ಚಿದ್ದರೆ ಬೇಗ ನಿಲ್ಲಿಸುತ್ತದೆ. ಬೇಗ ನಿಲ್ಲಿಸಿದರೆ ಪ್ರೋಟೀನೂ ಕಡಿಮೆ ಸೇರುತ್ತದೆ. ಆಗ ಎದೆಯಲ್ಲಿ ಮಾಂಸ ಕಟ್ಟುವ ಬದಲು ತೊಗಲಿನ ಕೆಳಗೆ ಕೊಬ್ಬು ಕೂಡುತ್ತದೆ. ಇದನ್ನು ‘ಶಕ್ತಿ ಹೆಚ್ಚಾದರೆ ಮಾಂಸ ಕಡಿಮೆ’ ಅಂತ ಬರೆದರೆ ಯಾವ ರೈತ ನಂಬುತ್ತಾನೆ?

ಇಷ್ಟೆಲ್ಲ ಬಿಡಿಸಿ ಹೇಳಿದ ಮೇಲೆ ಮಾವ ಕೈಯಲ್ಲಿದ್ದ ನುಚ್ಚು ನೋಡುತ್ತ, “ಅಂದ್ರ ಜ್ವಾಳ ಒಲಿಗೆ ಉರುವಲಾ ಇದ್ದಂಗ, ಹಿಂಡಿ ಗ್ವಾಡಿಗೆ ಇಟ್ಟಂಗಿ ಇದ್ದಂಗ” ಅಂದರು. ನನಗೆ ಪದ ಅಲ್ಲೇ ಸಿಕ್ಕಿತು ಅನಿಸಿತು. ‘ಉರುವಲು ಜಾಸ್ತಿಯಾದರೆ ಮಾಂಸ ಕಡಿಮೆ’ ಅಂದರೆ ಕೂಡಲೇ ತಿಳಿಯುತ್ತದೆ.

ಪ್ರೋಟೀನಿಗೆ ಶಾಲೆಯ ಪುಸ್ತಕದ ‘ಸಸಾರಜನಕ’ವೂ ಇದೆ. ಸಾರಜನಕ ಉಳ್ಳದ್ದು ಅಂತ ಅರ್ಥ. ಪ್ರಯೋಗಾಲಯದಲ್ಲೂ ಆಹಾರದ ಸಾರಜನಕ ಅಳೆದು, ಅದನ್ನು 6.25ರಿಂದ ಗುಣಿಸಿಯೇ ಪ್ರೋಟೀನ್ ಎಷ್ಟು ಅಂತ ಬರೆಯುತ್ತಾರೆ. ಹಾಗೆ ನೋಡಿದರೆ ತುಂಬ ಸರಿಯಾದ ಪದ. ಆದರೆ ಅದನ್ನು ಓದಿದ ಮಾವ “ಯೂರಿಯಾ ಹಾಕಬೇಕೇನು?” ಅಂತ ಗಾಬರಿಯಿಂದ ಕೇಳಿದರು. ಗೊಬ್ಬರದ ಚೀಲದ ಮೇಲೂ ಸಾರಜನಕ ಅಂತಲೇ ಇರುತ್ತದಲ್ಲ. ಪ್ರೋಟೀನ್ ಅಂತಲೇ ಉಳಿಸಿದೆ.

ಈಗ ಕೇಳುವುದು ಇಷ್ಟು. ಈ ಅರ್ಥದಲ್ಲಿ ‘ಉರುವಲು’ ಅಂತ ಬರೆದರೆ ಮಂಡ್ಯ, ಕೋಲಾರ, ಕರಾವಳಿಯ ಕಡೆಯವರಿಗೆ ಹಿಡಿಸುತ್ತದೆಯೇ, ಬರೀ ಕಟ್ಟಿಗೆ, ಸೌದೆ ನೆನಪಾಗುತ್ತದೆಯೇ? ನಿಮ್ಮಲ್ಲಿ ‘ಕಸುವು’ ಹಿಂಡಿಗೂ ಬರುತ್ತದೆಯೇ, ಹೊಲಕ್ಕೂ ಮನುಷ್ಯರಿಗೂ ಮಾತ್ರವೇ? ಮೈ ಕಟ್ಟುವ ತಿನಿಸಿಗೂ ಬರೀ ಹೊಟ್ಟೆ ತುಂಬಿಸುವ ತಿನಿಸಿಗೂ ಬೇರೆ ಬೇರೆ ಹೆಸರು ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಇದ್ದರೆ ದಯವಿಟ್ಟು ಬರೆಯಿರಿ. ಮುಂದಿನ ಮರಿಗಳು ಬರುವುದರೊಳಗೆ ಆ ಎರಡು ಪುಟ ತಿದ್ದಿ ಕೊಡಬೇಕು.