‘ಹಗುರೊ’ ಒಂದು ಭಾರಿ ಕ್ರೂಸರ್: ಹೀಗೆ ಬರೆಯಬಹುದೇ?

ಜಪಾನಿನ ಮ್ಯೋಕೊ ಸಾಲಿನ ಕ್ರೂಸರ್, ಅಂದ್ರೆ ನಡುಗಾತ್ರದ ಯುದ್ಧದ ಹಡಗುಗಳ ಬಗ್ಗೆ ಸಣ್ಣದೊಂದು ಬರಹ ಬರೆಯುತ್ತಾ ಇದ್ದೆ. ಮ್ಯೋಕೊ, ನಾಚಿ, ಹಗುರೊ, ಅಶಿಗಾರ ಅಂತ ನಾಲ್ಕು ಹಡಗು, ನಾಲ್ಕೂ 1928-29ರಲ್ಲಿ ಕಟ್ಟಿ ಮುಗಿದವು. ‘ಹಗುರೊ ಒಂದು ಭಾರಿ ಕ್ರೂಸರ್’ ಎಂದು ಬರೆದು ಓದಿಕೊಂಡರೆ ನನಗೇ ನಗು ಬಂತು. ಹಗುರವಂತೆ, ಭಾರಿಯಂತೆ! (ಹಗುರೊ ಅನ್ನೋದು ಯಾಮಗಾತದ ಒಂದು ಬೆಟ್ಟ. ಆ ಹೆಸರಿನ ಅಕ್ಷರಗಳಿಗೆ ರೆಕ್ಕೆ, ಕಪ್ಪು ಎಂದು ಅರ್ಥ. ನಮ್ಮ ಹಗುರಕ್ಕೂ ಅದಕ್ಕೂ ಏನೂ ನಂಟಿಲ್ಲ.)

ನಗು ಮುಗಿದ ಮೇಲೆ ನಿಜವಾದ ತೊಡಕು ಕಾಣಿಸಿತು. ಇಂಗ್ಲಿಷಿನ ‘ಹೆವಿ’ಗೆ ಸುಮ್ನೆ ‘ಭಾರಿ’ ಎಂದುಬಿಡುತ್ತೇವೆ. ಆದರೆ ಭಾರಿ ಮಳೆ, ಭಾರಿ ಜನ ಅಂದಾಗ ಅಲ್ಲಿ ತೂಕದ ಮಾತೇ ಇಲ್ಲ, ಬಹಳ ಜಾಸ್ತಿ ಎಂದಷ್ಟೇ. ಹಾಗಾಗಿ ಭಾರಿ ಕ್ರೂಸರ್ ಎಂದರೆ ಓದುವವರು ‘ತುಂಬಾ ದೊಡ್ಡ ಹಡಗು’ ಎಂದುಕೊಳ್ಳುತ್ತಾರೆ. ‘ಭಾರದ’ ಎಂದರೆ ತೂಕಕ್ಕೆ ಹೋಗುತ್ತದೆ. ಎರಡೂ ತಪ್ಪು.

ಏಕೆಂದರೆ ಇಲ್ಲಿ ಹೆವಿ ಎಂದದ್ದು ಹಡಗನ್ನಲ್ಲ, ಅದರ ತೋಪನ್ನು (ಗುಂಡು ಹಾರಿಸುವ ಫಿರಂಗಿಯನ್ನು) ನೋಡಿ. ದೊಡ್ಡ ದೇಶಗಳು ತಮ್ಮ ನೌಕಾಪಡೆಗಳನ್ನು ಮಿತಿಯಲ್ಲಿಡಲು ಮಾಡಿಕೊಂಡ 1922ರ ವಾಷಿಂಗ್ಟನ್ ಒಪ್ಪಂದ ಕ್ರೂಸರ್‌ಗಳಿಗೆ 10,000 ಟನ್, 8 ಇಂಚಿನ ತೋಪು ಎಂದು ಮಿತಿ ಹಾಕಿತು. 1930ರ ಲಂಡನ್ ಒಪ್ಪಂದ ಅವನ್ನು ಎರಡು ಪಾಲು ಮಾಡಿತು: ತೋಪಿನ ಬಾಯಿ 6.1 ಇಂಚಿಗಿಂತ (155 ಮಿ.ಮೀ.) ದೊಡ್ಡದಿದ್ದರೆ ಹೆವಿ, ಇಲ್ಲದಿದ್ದರೆ ಲೈಟ್. ಹೀಗಾಗಿ ಎಂಟು ಸಾವಿರ ಟನ್ನಿನ ಆಸುಪಾಸಿನ ಜಪಾನಿನ ಫುರುತಾಕ ಹೆವಿ, ಅದಕ್ಕಿಂತ ತೂಕದ ಅಮೆರಿಕದ ಬ್ರೂಕ್ಲಿನ್ ಲೈಟ್! ಜಪಾನಿನ ಮೊಗಾಮಿ ಕಥೆ ಇನ್ನೂ ಮಜಾ. ಹುಟ್ಟುವಾಗ 155 ಮಿ.ಮೀ.ನ ಹದಿನೈದು ತೋಪು, ಅಂದ್ರೆ ಲೈಟ್, ಅದಕ್ಕೇ ನದಿಯ ಹೆಸರು (ಲೈಟ್‌ಗೆ ನದಿ, ಹೆವಿಗೆ ಬೆಟ್ಟ, ಅದು ಅವರ ಪದ್ಧತಿ). 1939-40ರ ಹೊತ್ತಿಗೆ ಅವನ್ನು ಕಿತ್ತು 203 ಮಿ.ಮೀ.ನ ಹತ್ತು ತೋಪು ಕೂರಿಸಿದರು. ಅದೇ ಹಡಗು, ಅದೇ ನದಿಯ ಹೆಸರು, ಆದರೆ ಈಗ ಹೆವಿ. ನಮ್ಮ ನೌಕಾಪಡೆ 1957ರಲ್ಲಿ ಸೇರಿಸಿಕೊಂಡ ಐಎನ್‌ಎಸ್ ಮೈಸೂರು ಕೂಡ 6 ಇಂಚಿನ ತೋಪಿನ ಲೈಟ್ ಕ್ರೂಸರ್. ಅದನ್ನು ‘ಹಗುರ ಕ್ರೂಸರ್ ಮೈಸೂರು’ ಎಂದರೆ ಮೈಸೂರಿನವರು ಸುಮ್ಮನಿರುತ್ತಾರಾ?

ಹೆದ್ದಾರಿ, ಹೆದ್ದೊರೆ ಇದ್ದ ಹಾಗೆ ‘ಹೆದ್ದೋಪಿನ ಕ್ರೂಸರ್’, ‘ಕಿರುದೋಪಿನ ಕ್ರೂಸರ್’ ಎಂದರೆ ಹೇಗೆ ಅಂತ ಯೋಚಿಸಿದೆ. ಅರ್ಥಕ್ಕೆ ಸರಿಯಾಗಿ ಕೂರುತ್ತದೆ. ಆದರೆ ತೋಪು ಅಂದ ಕೂಡಲೇ ಒಬ್ಬರಿಗೆ ಮಾವಿನ ತೋಪು, ಇನ್ನೊಬ್ಬರಿಗೆ ತೋಪಾದ ಸಿನಿಮಾ ನೆನಪಾಗುತ್ತದೆ. ಫಿರಂಗಿ ಎಂದರೆ ಕೋಟೆ ಮೇಲಿನದು ಕಣ್ಣಿಗೆ ಬರುತ್ತದೆ. ಕ್ರೂಸರ್ ಪದವೂ ಪೂರ್ತಿ ಸುರಕ್ಷಿತವಲ್ಲ ಬಿಡಿ, ಉತ್ತರ ಕರ್ನಾಟಕದಲ್ಲಿ ಕ್ರೂಸರ್ ಅಂದ್ರೆ ಮದುವೆಗೆ ಜನ ತುಂಬಿಕೊಂಡು ಹೋಗುವ ಗಾಡಿ. ಆದರೂ ಅದನ್ನು ಬಿಡಲು ಮನಸ್ಸಿಲ್ಲ. ‘ಯುದ್ಧನೌಕೆ’ ಎಂದರೆ ಕ್ರೂಸರ್‌ಗಿಂತ ದೊಡ್ಡ ಬ್ಯಾಟಲ್‌ಶಿಪ್‌ಗೂ ಅದೇ, ಅದಕ್ಕಿಂತ ಚಿಕ್ಕ ಡೆಸ್ಟ್ರಾಯರ್‌ಗೂ ಅದೇ. 1945ರ ಮೇ 16ರಂದು ಮಲಕ್ಕಾ ಜಲಸಂಧಿಯಲ್ಲಿ ಐದು ಬ್ರಿಟಿಷ್ ಡೆಸ್ಟ್ರಾಯರ್‌ಗಳು ಸೇರಿ ಹಗುರೊವನ್ನು ಮುಳುಗಿಸಿದವು, ಅಂಡಮಾನಿಗೆ ಸಾಮಾನು ಸಾಗಿಸಲು ಹೊರಟಿತ್ತು ಅದು. ‘ಐದು ಯುದ್ಧನೌಕೆಗಳು ಒಂದು ಯುದ್ಧನೌಕೆಯನ್ನು ಮುಳುಗಿಸಿದವು’ ಎಂದರೆ ಯಾರು ದೊಡ್ಡವರು, ಯಾರು ಚಿಕ್ಕವರು ಎಂದು ತಿಳಿಯುವುದೇ ಇಲ್ಲ.

ಇನ್ನೊಂದು. ‘ಮ್ಯೋಕೊ ಕ್ಲಾಸ್’ ಎನ್ನುವಾಗಿನ ‘ಕ್ಲಾಸ್’ಗೆ ಪತ್ರಿಕೆಗಳಲ್ಲಿ ದರ್ಜೆ, ವರ್ಗ ಎರಡೂ ಕಾಣುತ್ತವೆ. ನನಗೆ ದರ್ಜೆ ಬೇಡ. ಜಪಾನಿನ ನೌಕಾಪಡೆಯ ಕಡತದಲ್ಲಿ ಹೆವಿ ಕ್ರೂಸರ್‌ಗೆ ‘ಒಂದನೇ ದರ್ಜೆಯ ಕ್ರೂಸರ್’ ಎಂದೇ ಹೆಸರು, ಆಗ ‘ಮ್ಯೋಕೊ ದರ್ಜೆಯ ಒಂದನೇ ದರ್ಜೆಯ ಕ್ರೂಸರ್’ ಎಂದು ಬರೆಯಬೇಕಾಗುತ್ತದೆ. ಒಂದೇ ನಕ್ಷೆಯ ಹಡಗುಗಳು ಎಂಬ ಅರ್ಥಕ್ಕೆ ‘ಮ್ಯೋಕೊ ಸಾಲಿನ’ ಎಂದು ಮೇಲೆ ಬರೆದಿದ್ದೇನೆ. ಅದು ನಿಮ್ಮ ಕಿವಿಗೆ ಒಗ್ಗಿತಾ? ಹೆವಿಗೆ ನೀವಾದರೆ ಏನು ಬರೆಯುತ್ತೀರಿ?