ಒಂದೇ ಸ್ಲೈಡಿನಲ್ಲಿ ಎರಡು ಮಸೂರಗಳು ಕೋಶಕ್ಕೆ ಎರಡು ಎತ್ತರ ತೋರಿಸಿದರೆ ಯಾವುದನ್ನು ನಂಬಬೇಕು?

ಪ್ರಶ್ನೆ: ಪದರಕೋಶ

ನಾಯಿಯ ಮೂತ್ರಪಿಂಡದಿಂದ ಪಡೆದ ಎಂಡಿಸಿಕೆ ಕೋಶಗಳನ್ನು ಕವರ್‌ಸ್ಲಿಪ್ ಮೇಲೆ ಒತ್ತಾದ ಪದರವಾಗಿ ಬೆಳೆಸಿ, ಶೇ 4ರ ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಸ್ಥಿರೀಕರಿಸಿ, ಆಕ್ಟಿನ್ ತಂತುಗಳಿಗೆ ಫ್ಯಾಲಾಯ್ಡಿನ್ ಬಣ್ಣ ಕೊಟ್ಟು, ಪಿಬಿಎಸ್ ಎಂಬ ಉಪ್ಪುನೀರಿನ ದ್ರಾವಣದಲ್ಲಿಯೇ ಇರಿಸಿ ಕಾನ್‌ಫೋಕಲ್ ಸೂಕ್ಷ್ಮದರ್ಶಕದಲ್ಲಿ ಮಟ್ಟದಿಂದ ಮಟ್ಟಕ್ಕೆ ಚಿತ್ರಗಳನ್ನು ತೆಗೆದಿದ್ದೇನೆ. 63 ಪಟ್ಟು ಹಿಗ್ಗಿಸುವ, 1.4 ಎನ್‌ಎ (ಮಸೂರ ಎಷ್ಟು ಓರೆಯಾದ ಕಿರಣಗಳನ್ನು ಹಿಡಿಯಬಲ್ಲದು ಎಂಬುದರ ಅಳತೆ) ಇರುವ, ಕವರ್‌ಸ್ಲಿಪ್ ಜತೆಗಿನ ಸಂದಿಗೆ ಎಣ್ಣೆ ಹಾಕಿ ಬಳಸುವ ಎಣ್ಣೆ ಮಸೂರದಲ್ಲಿ ಕೋಶದ ಎತ್ತರ ಸುಮಾರು 12 ಮೈಕ್ರೊಮೀಟರ್ ಬರುತ್ತದೆ. ಅದೇ ಸ್ಲೈಡಿನ ಅದೇ ಭಾಗವನ್ನು 1.2 ಎನ್‌ಎ ಇರುವ ನೀರಿನ ಮಸೂರದಲ್ಲಿ ನೋಡಿದರೆ 10 ಮೈಕ್ರೊಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಅಗಲದ ಅಳತೆಯಲ್ಲಿ ಮಾತ್ರ ಎರಡಕ್ಕೂ ವ್ಯತ್ಯಾಸವಿಲ್ಲ. ಫಿಜಿ ತಂತ್ರಾಂಶದಲ್ಲಿ ಅಡ್ಡನೋಟ ತೆಗೆದಾಗ ಕೋಶದ ಮೇಲ್ತುದಿ ಮಸುಕಾಗಿ, ಬಾಲ ಎಳೆದಂತೆ ಕಾಣುವುದೂ ಎಣ್ಣೆ ಮಸೂರದ ಚಿತ್ರದಲ್ಲಿಯೇ ಹೆಚ್ಚು. ಎನ್‌ಎ ಹೆಚ್ಚಿರುವ ಮಸೂರದ ಅಳತೆಯನ್ನೇ ಮಹಾಪ್ರಬಂಧದಲ್ಲಿ ಕೊಡಬೇಕೆ? ಚಿತ್ರದ ಮಸುಕನ್ನು ಗಣಿತದಿಂದ ತೆಗೆಯುವ ಡಿಕಾನ್ವಲ್ಯೂಷನ್ ಮಾಡಿದರೆ ಎರಡು ಅಳತೆಗಳೂ ಹೊಂದಿಕೊಳ್ಳುತ್ತವೆಯೆ?

ಉತ್ತರ: ಬೆಳಕಿನಹಾದಿ

ಈ ಸ್ಲೈಡಿನ ಮಟ್ಟಿಗೆ ನೀರಿನ ಮಸೂರದ ಅಳತೆಯೇ ನಿಜಕ್ಕೆ ಹತ್ತಿರವಾದುದು. ತಂತ್ರಾಂಶವು ಎತ್ತರವೆಂದು ದಾಖಲಿಸುವುದು ವೇದಿಕೆ ಅಥವಾ ಮಸೂರ ಎಷ್ಟು ಸರಿಯಿತು ಎಂಬುದನ್ನೇ ಹೊರತು, ಕೋಶದೊಳಗೆ ನಾಭಿ ಎಷ್ಟು ಸರಿಯಿತು ಎಂಬುದನ್ನಲ್ಲ. ಎಣ್ಣೆ ಮತ್ತು ಗಾಜಿನ ವಕ್ರೀಭವನ ಸೂಚ್ಯಂಕ ಹೆಚ್ಚುಕಡಿಮೆ 1.52, ಪಿಬಿಎಸ್‌ನದು 1.33. ಗಾಜಿನಿಂದ ದ್ರಾವಣಕ್ಕೆ ದಾಟುವ ಕಿರಣಗಳು ಲಂಬದಿಂದ ದೂರಕ್ಕೆ ಬಾಗುವುದರಿಂದ ಅವು ಸೇರಬೇಕಾದ ಜಾಗಕ್ಕಿಂತ ಮೊದಲೇ ಕೂಡಿಬಿಡುತ್ತವೆ. ಹಾಗಾಗಿ ವೇದಿಕೆ 1 ಮೈಕ್ರೊಮೀಟರ್ ಸರಿದರೂ ನಾಭಿ ಅಷ್ಟು ಸರಿಯುವುದಿಲ್ಲ, ಚಿತ್ರದಲ್ಲಿ ಕೋಶ ಉದ್ದವಾಗಿ ಕಾಣುತ್ತದೆ. ಸೂಚ್ಯಂಕಗಳ ಸರಳ ಅನುಪಾತ 0.88 ಆಗುತ್ತದೆಯಾದರೂ ಅದು ಅಕ್ಷಕ್ಕೆ ಸಮೀಪದ ಕಿರಣಗಳಿಗೆ ಮಾತ್ರ ಸಲ್ಲುತ್ತದೆ. ಹೆಚ್ಚು ಓರೆಯಾದ ಕಿರಣಗಳನ್ನು ಬಳಸುವ ಮಸೂರಗಳಲ್ಲಿ ಇನ್ನೂ ಕೆಳಗಿಳಿಯುತ್ತದೆ. ನಿಮ್ಮ 12 ಮತ್ತು 10ರ ನಡುವಿನ 0.83 ಈ ಲೆಕ್ಕಕ್ಕೆ ಸಹಜವಾಗಿಯೇ ಹೊಂದುತ್ತದೆ. ಗಾಳಿಯಲ್ಲಿ ಬಳಸುವ ಒಣ ಮಸೂರದಲ್ಲಿ ಇದರ ತಿರುವುಮುರುವು: ತಿಳಿನೀರಿನ ಬಾವಿಯ ತಳ ಮೇಲೆದ್ದಂತೆ ತೋರುವ ಹಾಗೆ ಕೋಶವೂ ಚಪ್ಪಟೆಯಾಗಿ ಕಾಣುತ್ತದೆ.

1.4 ಎಂಬ ಸಂಖ್ಯೆಯೂ ಇಲ್ಲಿ ಪೂರ್ತಿಯಾಗಿ ದಕ್ಕುವುದಿಲ್ಲ. 1.33ಕ್ಕಿಂತ ಹೊರಗಿನ ಕಿರಣಗಳು ಗಾಜಿನ ಅಂಚಿನಲ್ಲಿಯೇ ಪೂರ್ಣ ಪ್ರತಿಫಲನಗೊಳ್ಳುತ್ತವೆ. ಉಳಿದವು ಬೇರೆ ಬೇರೆ ಆಳದಲ್ಲಿ ಕೂಡುವ ಗೋಳೀಯ ವಿಪಥನವೇ ನೀವು ಕಂಡ ಬಾಲ. ಆಳ ಹೆಚ್ಚಿದಂತೆ ಅದು ಉದ್ದವಾಗುತ್ತದೆ, ಹೊಳಪೂ ತಗ್ಗುತ್ತದೆ.

ಉತ್ತರ: ಸೂಕ್ಷ್ಮನೋಟ

ಡಿಕಾನ್ವಲ್ಯೂಷನ್ ಕುರಿತು ಹೇಳುವುದಾದರೆ, ಅದು ಮಸುಕನ್ನು ತಗ್ಗಿಸಬಲ್ಲದು, ತಪ್ಪಾದ ಅಳತೆಗೋಲನ್ನು ತಿದ್ದಲಾರದು. ಸೂಚ್ಯಂಕಗಳು ಸರಿಯಾಗಿ ಹೊಂದಿಕೊಂಡಿದ್ದರೂ ಅಕ್ಷದ ದಿಕ್ಕಿನಲ್ಲಿ ಸೂಕ್ಷ್ಮದರ್ಶಕದ ಸ್ಪಷ್ಟತೆ ಕಡಿಮೆಯೇ ಇರುತ್ತದೆ. 520 ನ್ಯಾನೊಮೀಟರ್ ಬೆಳಕಿಗೆ ಮತ್ತು 1.4 ಎನ್‌ಎಗೆ ಸಾಮಾನ್ಯ ಸೂತ್ರಗಳಂತೆ ಲೆಕ್ಕ ಹಾಕಿದರೆ, ಬೇರೆಬೇರೆಯಾಗಿ ಕಾಣಬಲ್ಲ ಎರಡು ಬಿಂದುಗಳ ಕನಿಷ್ಠ ಅಂತರ ಅಡ್ಡಲಾಗಿ ಸುಮಾರು 230 ನ್ಯಾನೊಮೀಟರ್, ಅಕ್ಷದಲ್ಲಿ ಸುಮಾರು 800 ನ್ಯಾನೊಮೀಟರ್ ಬರುತ್ತದೆ. ಮಾರ್ವಿನ್ ಮಿನ್‌ಸ್ಕಿ 1957ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಕಾನ್‌ಫೋಕಲ್ ವಿನ್ಯಾಸದ ಸೂಜಿರಂಧ್ರವು ನಾಭಿಯಿಂದ ಆಚೆಗಿನ ಬೆಳಕನ್ನು ತಡೆದು ಈ ಎರಡನ್ನೂ ಒಂದಿಷ್ಟು ಸುಧಾರಿಸುತ್ತದೆ, ಆದರೆ ಅವುಗಳ ನಡುವಿನ ಅಸಮಾನತೆಯನ್ನು ಅಳಿಸುವುದಿಲ್ಲ. ವಿಪಥನವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಆದರ್ಶ ಬಿಂದುಚಿತ್ರವನ್ನು (ಒಂದು ಬೆಳಕಿನ ಚುಕ್ಕೆ ಮಸೂರದ ಮೂಲಕ ಕಾಣುವ ಮಸುಕಿನ ಮಾದರಿಯನ್ನು) ತಂತ್ರಾಂಶಕ್ಕೆ ಕೊಟ್ಟರೆ, ಬಾಲವನ್ನೇ ಕೋಶದ ರಚನೆಯೆಂದು ಬಗೆದು ಅದನ್ನು ಇನ್ನಷ್ಟು ಚೂಪಾಗಿ ತೋರಿಸುವ ಅಪಾಯವಿದೆ. ಚಿತ್ರಗಳ ನಡುವಣ ಅಂತರವನ್ನು 0.2ರಿಂದ 0.3 ಮೈಕ್ರೊಮೀಟರ್ ಇರಿಸಿಕೊಳ್ಳಿ. ಒಂದೊಂದು ಮೈಕ್ರೊಮೀಟರಿಗೆ ತೆಗೆದ ಚಿತ್ರಗಳಲ್ಲಿ ಆ ವಿವರ ದಾಖಲಾಗಿರುವುದೇ ಇಲ್ಲ, ಯಾವ ಗಣಿತವೂ ಅದನ್ನು ಮರಳಿಸಲಾರದು.

ಉತ್ತರ: ಮಣಿಪರೀಕ್ಷೆ

ಮೊದಲ ಉತ್ತರವನ್ನು ಓದಿದವರು ಎಲ್ಲ ಚಿತ್ರಗಳನ್ನೂ 0.83ರಿಂದ ಗುಣಿಸಿ ಕೈತೊಳೆದುಕೊಳ್ಳಬಾರದೆಂದು ಇಷ್ಟು ಸೇರಿಸುತ್ತೇನೆ. ವ್ಯಾಸ ಗೊತ್ತಿರುವ ಪ್ರತಿದೀಪ್ತ ಮಣಿಗಳನ್ನು, ಉದಾಹರಣೆಗೆ 10 ಮೈಕ್ರೊಮೀಟರಿನವನ್ನು, ಅದೇ ದ್ರಾವಣದಲ್ಲಿ, ಅದೇ ಕವರ್‌ಸ್ಲಿಪ್ ಮೇಲೆ, ಅದೇ ಮಸೂರದಿಂದ ನೋಡಿ, ಅಗಲವನ್ನು ಎತ್ತರದಿಂದ ಭಾಗಿಸಿದರೆ ನಿಮ್ಮ ವ್ಯವಸ್ಥೆಗೆ ಸಲ್ಲುವ ತಿದ್ದುಪಡಿ ನೇರವಾಗಿ ಸಿಗುತ್ತದೆ. ಕವರ್‌ಸ್ಲಿಪ್ 0.17 ಮಿಲಿಮೀಟರ್ ದಪ್ಪದ್ದೇ ಆಗಿರಬೇಕು. ನೀರಿನ ಮಸೂರದ ತಿದ್ದುಪಡಿ ಉಂಗುರವನ್ನು ಆ ದಪ್ಪಕ್ಕೆ ಹೊಂದಿಸದಿದ್ದರೆ ಅದೂ ನಂಬಿಕೆಗೆ ಅರ್ಹವಲ್ಲ. ಮಾಮೂಲು ಪ್ಲಾಸ್ಟಿಕ್ ತಟ್ಟೆಯ ದಪ್ಪ ತಳದ ಮೂಲಕ ಎತ್ತರ ಅಳೆಯುವ ಯೋಚನೆಯನ್ನೇ ಬಿಟ್ಟುಬಿಡಿ.

ಸೂಚ್ಯಂಕವನ್ನು ಎಣ್ಣೆಗೆ ಹೊಂದಿಸಲೆಂದು ಗಟ್ಟಿಯಾಗುವ ಮೌಂಟಿಂಗ್ ದ್ರವವನ್ನು ಬಳಸುವವರಿದ್ದಾರೆ. ಚಿತ್ರ ನಿಚ್ಚಳವಾಗುತ್ತದೆ, ನಿಜ. ಆದರೆ ಆ ದ್ರವ ಒಣಗುವಾಗ ಕುಗ್ಗಿ ಕೋಶಗಳನ್ನೂ ಚಪ್ಪಟೆಯಾಗಿಸಬಹುದಾದ್ದರಿಂದ, ದೋಷ ಬೆಳಕಿನಿಂದ ಕೋಶಕ್ಕೆ ವರ್ಗಾವಣೆಯಾದಂತಾಗುತ್ತದೆ. ಸ್ಥಿರೀಕರಣವೂ ಆಕಾರವನ್ನು ಬದಲಿಸುತ್ತದೆ, ಅದರಲ್ಲಿಯೂ ನೀರನ್ನು ಹೀರಿಬಿಡುವ ಮೆಥನಾಲ್. ಎತ್ತರವೇ ನಿಮ್ಮ ಮುಖ್ಯ ಫಲಿತಾಂಶವಾಗಿದ್ದರೆ, ಪೊರೆಗೆ ಬಣ್ಣ ಕೊಟ್ಟ ಜೀವಂತ ಕೋಶಗಳನ್ನು ನೀರಿನ ಮಸೂರದಲ್ಲಿ ಒಮ್ಮೆ ಅಳೆದು ಹೋಲಿಸುವುದು ಅನಿವಾರ್ಯ.

ಮರುಪ್ರಶ್ನೆ: ಪದರಕೋಶ

ಮಣಿಗಳ ಪರೀಕ್ಷೆಯನ್ನು ಮೊದಲು ಮಾಡುತ್ತೇನೆ. ಮುಂದೆ ಇದೇ ಕೋಶಗಳನ್ನು ಮ್ಯಾಟ್ರಿಜೆಲ್ ಎಂಬ ಪ್ರೋಟೀನು ಜೆಲ್‌ನಲ್ಲಿ ಬೆಳೆಸಿ, ಒಳಗೆ ಪೊಳ್ಳಿರುವ ಗೋಳಗಳನ್ನು ಪೂರ್ತಿಯಾಗಿ ಚಿತ್ರಿಸುವ ಉದ್ದೇಶವಿದೆ. ಅದಕ್ಕೂ ಇದೇ ಮಸೂರ ಸಾಕೆ?

ಉತ್ತರ: ಬೆಳಕಿನಹಾದಿ

ಜೆಲ್ ಕೂಡ ಬಹುಪಾಲು ನೀರೇ ಆದುದರಿಂದ ನೀರಿನ ಮಸೂರ ಸರಿಹೊಂದುತ್ತದೆ. 63 ಪಟ್ಟಿನ ಎಣ್ಣೆ ಮಸೂರಗಳ ಕಾರ್ಯದೂರ (ಮಸೂರದ ತುದಿಯಿಂದ ನಾಭಿಗೆ ಇರುವ ದೂರ) ಸಾಮಾನ್ಯವಾಗಿ 0.2 ಮಿಲಿಮೀಟರಿಗಿಂತ ಕಡಿಮೆಯಿರುವ ಕಾರಣ ಜೆಲ್‌ನ ಮೇಲ್ಭಾಗದ ಗೋಳಗಳನ್ನು ಅವು ತಲುಪದೆಯೂ ಹೋಗಬಹುದು. ಚಿಕ್ಕ ಗೋಳಗಳಿಗೆ ಕಾನ್‌ಫೋಕಲ್ ಸಾಕು. ಗೋಳ ದೊಡ್ಡದಾಗಿ ಕೋಶಗಳು ತುಂಬಿಕೊಂಡರೆ ಬೆಳಕು ಚದುರಿ ದೂರದ ಅರ್ಧ ಮಬ್ಬಾಗುತ್ತದೆ. ಅಂಥಲ್ಲಿ, ನೋಡುವ ಮಟ್ಟವನ್ನಷ್ಟೇ ಪಕ್ಕದಿಂದ ಬೆಳಗುವ ಲೈಟ್‌ಶೀಟ್ ಸೂಕ್ಷ್ಮದರ್ಶಕ ಅನುಕೂಲ. ಹೈಡಲ್‌ಬರ್ಗಿನ ತಂಡವೊಂದು 2004ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಮಾದರಿಯನ್ನು ತಿರುಗಿಸಿ ಹಲವು ದಿಕ್ಕುಗಳಿಂದ ಚಿತ್ರ ತೆಗೆದು ಜೋಡಿಸುವುದೂ ಸಾಧ್ಯವಾಗಿತ್ತು. ಒಂದು ದಿಕ್ಕಿನ ಅಕ್ಷದ ಮಸುಕನ್ನು ಇನ್ನೊಂದು ದಿಕ್ಕಿನ ಸ್ಪಷ್ಟತೆ ತುಂಬಿಕೊಡುತ್ತದೆ. ಅದಕ್ಕೆ ಜೆಲ್ ಅನ್ನು ತಟ್ಟೆಯ ಬದಲು ಸಣ್ಣ ಕೊಳವೆಯಲ್ಲಿ ಬೆಳೆಸಬೇಕಾಗಬಹುದಾದ್ದರಿಂದ, ಕೋಶ ಬಿತ್ತುವ ಮೊದಲೇ ಸೂಕ್ಷ್ಮದರ್ಶಕ ನೋಡಿಕೊಳ್ಳುವವರನ್ನು ವಿಚಾರಿಸಿ.