ಇಬ್ರೂ ಒಂದೇ ವರ್ಷ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕರು) ಆದ್ವಿ, ಯಜಮಾನ್ರ ಬೇಸಿಕ್ ಮಾತ್ರ ಮುಂದೆ ಹೋಗಿದೆ, ಯಾಕೆ ಸರ್?

ಪ್ರಶ್ನೆ (ಹೆಸರು ಬೇಡ ಅಂದಿದಾರೆ, ಅಡ್ಮಿನ್ ಹಾಕ್ತಿರೋದು):
ಸರ್ ನಮಸ್ತೆ. ನಾನು ನಮ್ ಯಜಮಾನ್ರು ಇಬ್ರೂ 2009ರಲ್ಲಿ ಹಾಸನ ಜಿಲ್ಲೆಲಿ ಎಸ್‌ಡಿಎ ಆಗಿ ಸೇರಿದ್ದು. ನಂದು ಎಂಕಾಂ, ಅವರದ್ದು ಬಿಎ. ಮೊನ್ನೆ ಐಟಿ ರಿಟರ್ನ್‌ಗೆ ಅಂತ ಇಬ್ರ ಪೇ ಸ್ಲಿಪ್ಪೂ ಪಕ್ಕಪಕ್ಕ ಇಟ್ಟು ನೋಡಿದ್ರೆ ಬೇಸಿಕ್‌ನಲ್ಲೇ ಹತ್ತಿರ ಹತ್ತಿರ 9 ಸಾವಿರ ಫರಕು! ಮಗಳು 2013ರಲ್ಲಿ ಹುಟ್ಟಿದಾಗ ಮೆಟರ್ನಿಟಿ ಲೀವ್ ಮುಗಿದ್ಮೇಲೆ ನೋಡ್ಕೊಳ್ಳೋರಿಲ್ದೆ ಇನ್ನೂ 9 ತಿಂಗಳು ಸಂಬಳ ಇಲ್ದೆ ರಜೆ ಹಾಕಿದ್ದೆ. 2016ರಲ್ಲಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಬಡ್ತಿ ಬಂತು, ಆದ್ರೆ ಪೋಸ್ಟಿಂಗ್ ಸಕಲೇಶಪುರಕ್ಕೆ ಕೊಟ್ರು, ಬೇಡ ಅಂತ ಬರ್ಕೊಟ್ಟೆ, ಅವರು ಹೋದ್ರು. ಸರ್ಕಾರಿ ಕೆಲಸದಲ್ಲಿ ಹೆಣ್ಣು ಗಂಡು ಒಂದೇ ಸಂಬಳ ಅಂತಾರಲ್ಲ, ಮತ್ತೆ ಇದೇನು? ಎಂಕಾಂಗೆ ಬೆಲೆನೇ ಇಲ್ವಾ?

ಉತ್ತರ (ನಿವೃತ್ತ ಲೆಕ್ಕಾಧಿಕಾರಿ):
ತಂಗಿ, ಸ್ಕೇಲ್‌ಗೆ ಹೆಣ್ಣು ಗಂಡು ಅಂತ ಇಲ್ಲ, ನಿಜ. 7ನೇ ವೇತನ ಆಯೋಗ ಆದ್ಮೇಲೆ ಎಸ್‌ಡಿಎ ಅಂದ್ರೆ ಯಾರಿಗಾದ್ರೂ 34,100ರಿಂದ ಶುರು, ಎಫ್‌ಡಿಎ 44,425ರಿಂದ. ನಿಮ್ಮ ಫರಕು ಹುಟ್ಟಿರೋದು ಸ್ಕೇಲಲ್ಲಲ್ಲ, ನೀವೇ ಬರೆದಿರೋ ಆ ಎರಡು ವಾಕ್ಯದಲ್ಲಿದೆ. ಮೆಟರ್ನಿಟಿ ಲೀವ್ 180 ದಿನ ಇನ್‌ಕ್ರಿಮೆಂಟ್‌ಗೆ ಲೆಕ್ಕಕ್ಕೆ ಬರುತ್ತೆ, ಅದ್ರಿಂದ ಏನೂ ಹೋಗಿಲ್ಲ. ಮೆಡಿಕಲ್ ಸರ್ಟಿಫಿಕೇಟ್ ಇಲ್ದೆ ಹಾಕಿದ ಅಸಾಧಾರಣ ರಜೆ, ಅಂದ್ರೆ ನಿಮ್ಮ ಆ ಸಂಬಳ ಇಲ್ದ ರಜೆ, ಲೆಕ್ಕಕ್ಕೆ ಬರಲ್ಲ, ಹಾಗಾಗಿ ನಿಮ್ಮ ಇನ್‌ಕ್ರಿಮೆಂಟ್ ಹಿಂದಕ್ಕೆ ಹೋಯ್ತು. ಮಕ್ಕಳ ಆರೈಕೆ ರಜೆ ಅಂತ ರಾಜ್ಯದಲ್ಲಿ ಬಂದಿದ್ದೇ 2021ರಲ್ಲಿ, ಅದು ಆಗ ಇದ್ದಿದ್ರೆ ಆ 9 ತಿಂಗಳಲ್ಲಿ 6 ತಿಂಗಳಾದ್ರೂ ಸಂಬಳದ ಸಮೇತ ದಾಟಿರ್ತಿತ್ತು.

ದೊಡ್ಡ ಪೆಟ್ಟು ಬಿದ್ದಿರೋದು ಬಡ್ತಿ ಬೇಡ ಅಂದಿದ್ರಲ್ಲಿ. ಬೇಡ ಅಂತ ಬರ್ಕೊಟ್ಟೋರಿಗೆ 10 ವರ್ಷದ ಕಾಲಬದ್ಧ ಬಡ್ತಿನೂ ಸಿಗಲ್ಲ, ಬಹಳ ಜನಕ್ಕೆ ಇದು ಗೊತ್ತಾಗೋದೇ ಆಮೇಲೆ. ನನ್ನ ಸರ್ವಿಸಲ್ಲಿ ಇಂಥ ಪತ್ರ ಎಷ್ಟೋ ಫೈಲ್‌ಗೆ ಹಾಕಿದೀನಿ, ‘ಕೌಟುಂಬಿಕ ಕಾರಣಗಳಿಂದ’ ಅಂತ ಒಂದೇ ಸಾಲು ಇರ್ತಿತ್ತು, ಸಹಿ ಮುಕ್ಕಾಲು ಪಾಲು ಹೆಣ್ಮಕ್ಕಳದ್ದೇ. ಗಂಡಸ್ರಿಗೂ ಕುಟುಂಬ ಇತ್ತು ಬಿಡಿ.

ಬೇಸಿಕ್ ಹಿಂದೆ ಬಿದ್ರೆ ಡಿಎ, ಎಚ್‌ಆರ್‌ಎ ಎಲ್ಲಾ ಅದ್ರ ಮೇಲೇ ಲೆಕ್ಕ. ನೀವಿಬ್ರೂ 2006 ಏಪ್ರಿಲ್ ಆದ್ಮೇಲೆ ಸೇರಿದೋರು, ಅಂದ್ರೆ ಎನ್‌ಪಿಎಸ್ (ಹೊಸ ಪಿಂಚಣಿ ಯೋಜನೆ), ನಿಮ್ಮ ಶೇ. 10 ಸರ್ಕಾರದ ಶೇ. 14 ಎರಡೂ ಬೇಸಿಕ್ ಪ್ಲಸ್ ಡಿಎ ಮೇಲೆ ಕಟ್ಟೋದು, ಹಾಗಾಗಿ ಈ 9 ಸಾವಿರ ರಿಟೈರ್ ಆದ್ಮೇಲೂ ಬೆನ್ನು ಬಿಡಲ್ಲ.

ಎಂಕಾಂ ವಿಷ್ಯ ಬೇಜಾರಾದ್ರೂ ಹೇಳ್ಬಿಡ್ತೀನಿ. ಗುಮಾಸ್ತರ ಹುದ್ದೆಲಿ ಸರ್ಕಾರ ನೋಡೋದು ವೃಂದ ಮತ್ತು ನೇಮಕಾತಿ ನಿಯಮದಲ್ಲಿ ಏನು ಕೇಳಿದೆ ಅಂತ ಮಾತ್ರ. ಅಲ್ಲಿ ಕೇಳದ ಡಿಗ್ರಿ ಗೋಡೆ ಮೇಲೆ ಚೆಂದ ಅಷ್ಟೇ. ಕೆಪಿಎಸ್‌ಸಿ ಇಲಾಖಾ ಪರೀಕ್ಷೆಯ ಅಕೌಂಟ್ಸ್ ಹೈಯರ್ ಪೇಪರ್ ಪಾಸ್ ಮಾಡಿದ ಬಿಎ, ಪಾಸ್ ಮಾಡದ ಎಂಕಾಂಗಿಂತ ಮುಂದೆ ಹೋಗ್ತಾನೆ.

ಹಿಂದೆ ಹೆಣ್ಣಿಗೊಂದು ಗಂಡಿಗೊಂದು ಅಂತ ನಿಯಮದಲ್ಲೇ ಬರೆದಿಟ್ಟಿದ್ರು ನೋಡಿ. ನಮ್ಮ ಕೊಡಗಿನ ಮುತ್ತಮ್ಮ, ಐಎಫ್‌ಎಸ್ (ವಿದೇಶಾಂಗ ಸೇವೆ) ಸೇರಿದ ಮೊದಲ ಮಹಿಳೆ, ಬಡ್ತಿ ತಪ್ಪಿಸಿದ್ರು ಅಂತ ಸುಪ್ರೀಂ ಕೋರ್ಟಿಗೆ ಹೋದ್ರು. ಆ ಸರ್ವಿಸಲ್ಲಿ ಹೆಣ್ಣಾದ್ರೆ ಮದ್ವೆಗೂ ಸರ್ಕಾರದ ಪರ್ಮಿಷನ್ ಬೇಕಿತ್ತು! ಕೇಸ್ ನಡೀತಿರುವಾಗ್ಲೇ ಬಡ್ತಿ ಕೊಟ್ರು, 1979ರಲ್ಲಿ ಕೋರ್ಟು ಇಂಥ ನಿಯಮಗಳನ್ನ ತಿದ್ದಿ ಅಂತ ಕಿವಿ ಹಿಂಡ್ತು. ಈಗ ಅಂಥ ನಿಯಮ ಇಲ್ಲ, ಸಕಲೇಶಪುರ ಇದೆ.

ಕಾಮೆಂಟ್ (ಪ್ರಾಥಮಿಕ ಶಾಲಾ ಶಿಕ್ಷಕಿ):
ಸರ್ ನಾನು ಟಿಸಿಎಚ್ (ಶಿಕ್ಷಕರ ತರಬೇತಿ) ಮೇಲೆ ಸೇರಿದ್ದು, ಆಮೇಲೆ ಮುಕ್ತ ವಿವಿಲಿ ಬಿಎ ಮಾಡ್ದೆ. ಬಡ್ತಿಗೆ ಲೆಕ್ಕಕ್ಕೆ ಬರುತ್ತಾ?

ಉತ್ತರ:
ಮೇಡಂ, ನಿಮ್ಮಲ್ಲಿ ಡಿಗ್ರಿಗೆ ಬೆಲೆ ಇದೆ, ಹೈಸ್ಕೂಲಿಗೆ ಹೋಗ್ಬೇಕಂದ್ರೆ ಬಿಎಡ್ಡೂ ಬೇಕು. ಇಲಾಖೆ ಅನುಮತಿ ತಗೊಂಡೇ ಓದಿದ್ರಾ, ಎಸ್‌ಆರ್‌ನಲ್ಲಿ (ಸೇವಾ ಪುಸ್ತಕ) ಎಂಟ್ರಿ ಆಗಿದ್ಯಾ ನೋಡಿ. ಯಾವ ವರ್ಷ ಸೇರಿದ್ದು ಅನ್ನೋದೂ ಮುಖ್ಯ, ಮೈಸೂರಿನ ಮುಕ್ತ ವಿವಿಗೆ 2013-14ರಿಂದ 2017-18ರವರೆಗೆ ಯುಜಿಸಿ ಮಾನ್ಯತೆ ಇರ್ಲಿಲ್ಲ.

ಕಾಮೆಂಟ್ (ಅಂಗನವಾಡಿ ಕಾರ್ಯಕರ್ತೆ):
ನೀವೆಲ್ಲ ಬೇಸಿಕ್ ಬಗ್ಗೆ ಜಗಳ ಆಡ್ತೀರ, ನಾನು ಎಂಎ, ನಮಗೆ ಬೇಸಿಕ್ಕೇ ಇಲ್ಲ, ಗೌರವಧನ 😀

ಉತ್ತರ:
ಅಮ್ಮಾ, ನೀವು ಹೇಳಿದ್ದೇ ದೊಡ್ಡ ಫರಕು. ಪೂರ್ತಿ ಹೆಣ್ಮಕ್ಕಳೇ ಮಾಡೋ ಕೆಲಸನ ‘ಗೌರವ’ ಅಂತ ಕರೆದು ಸ್ಕೇಲಿಂದ ಹೊರಗಿಟ್ಬಿಟ್ರೆ ಹೋಲಿಸೋಕೆ ಗಂಡಸೇ ಸಿಗಲ್ಲ. 2022ರಲ್ಲಿ ಸುಪ್ರೀಂ ಕೋರ್ಟು ನಿಮಗೂ ಗ್ರಾಚ್ಯುಟಿ ಸಿಗ್ಬೇಕು ಅಂದಿದೆ, ಸೇರಿದ ಆದೇಶದ ಪ್ರತಿ ಜೋಪಾನವಾಗಿ ಇಟ್ಕೊಳ್ಳಿ.

ಪ್ರಶ್ನೆ ಕೇಳಿದವರು:
ಸರ್ ಇವತ್ತು ಆಫೀಸಲ್ಲಿ ಎಸ್‌ಆರ್ ತೆಗೆಸಿ ನೋಡ್ದೆ, ನಾನು ಅಕೌಂಟ್ಸ್ ಹೈಯರ್ ಪಾಸ್ ಆಗಿರೋದು ಎಂಟ್ರಿನೇ ಆಗಿಲ್ಲ! ಯಜಮಾನ್ರದ್ದು ಆಗಿದೆ, ಒಟ್ಟಿಗೇ ಬರೆದಿದ್ದು ನಾವು.

ಉತ್ತರ:
ಕೆಪಿಎಸ್‌ಸಿ ಫಲಿತಾಂಶದ ಪ್ರತಿ ಲಗತ್ತಿಸಿ ನಾಳೆನೇ ಅರ್ಜಿ ಕೊಡಿ, ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳೋದು ಮರೀಬೇಡಿ. ಮಗಳಿಗೆ 18 ತುಂಬೋವರೆಗೂ ಮಕ್ಕಳ ಆರೈಕೆ ರಜೆ 180 ದಿನ ನಿಮಗಿದೆ, ಎಸ್ಎಸ್ಎಲ್‌ಸಿ ವರ್ಷಕ್ಕೆ ಉಳಿಸ್ಕೊಳ್ಳಿ. ಇಲ್ಲಾ ಆ ವರ್ಷ ಯಜಮಾನ್ರಿಗೆ ಗಳಿಕೆ ರಜೆ ಹಾಕೋಕೆ ಹೇಳಿ, ಅವರ ಖಾತೇಲಿ ಬೇಕಾದಷ್ಟು ಇರುತ್ತೆ.